ಗೋವಾದವರ ಮಾತು, ತಾರಾನಾಥಣ್ಣನ ಮಾತು

ಆಗಸ್ಟ್ ೧೯, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಒಂದು ದೊಡ್ಡ ಸಭೆ. ನಾನು ಮುಂದೆ ನಿಂತಿದ್ದೇನೆ. ಎಲ್ಲರೂ ಮಾತಾಡಿ, ಮಾತಾಡಿ ಅನ್ನುತ್ತಿದ್ದಾರೆ. ಬಾಯಿ ತೆರೆದರೆ ಮಾತು ಬರುವುದಿಲ್ಲ, ಮರಿಮೀನು ಬೀಳುತ್ತವೆ. ಉಗುರಿನಷ್ಟು ಸಣ್ಣವು, ಲೋಳೆ ಲೋಳೆ, ಕೆಲವಕ್ಕೆ ಇನ್ನೂ ಜೀವ ಇದೆ. ಉಗಿದಷ್ಟೂ ಬರುತ್ತವೆ. ಎದ್ದು ಬಾಯಿ ಮುಕ್ಕಳಿಸಿದೆ, ಎರಡು ಸಲ ಹಲ್ಲುಜ್ಜಿದೆ. ಆದರೂ ನಾಲಗೆಯ ಮೇಲೆ ಆ ವಾಸನೆ ಹೋಗಲಿಲ್ಲ.

ಗಂಡನಿಗೆ ಹೇಳಿದೆ. ಓಸ್ವಾಲ್ಡ್ ಗೂಡ್ಸ್ ರಿಕ್ಷಾ ಒರೆಸುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ನಿನ್ನ ಚಿಂತೆಗೆ ಯಾರಾದರೂ ಸಂಬಳ ಕೊಡುವುದಾಗಿದ್ದರೆ ನಾವೂ ಶಿರ್ವದ ಶ್ರೀಮಂತರ ಹಾಗೆ ಮೂರು ಮಾಳಿಗೆ ಕಟ್ಟಿಸಬಹುದಿತ್ತು ಮಾರಾಯ್ತಿ" ಎಂದರು.

ನಾಳೆ ಮಣಿಪಾಲದಲ್ಲಿ ಸಭೆ. ಗೋವಾದಿಂದ ದಡದ ಬಲೆ ಎಳೆಯುವ ಬಡ ಮೀನುಗಾರರು ಬರುತ್ತಾರೆ. ನಮ್ಮ ಕಡೆಯಿಂದ ದೊಡ್ಡ ಬೋಟುಗಳ ಮಾಲಕರು. ಎರಡೂ ರಾಜ್ಯದವರು ಕೂಡಿ ಲೈಟ್ ಫಿಶಿಂಗ್ ನಿಲ್ಲಿಸಬೇಕು, ಮರಿಮೀನು ಬಾಚುವುದನ್ನು ನಿಲ್ಲಿಸಬೇಕು, ಯಾರ ಬೋಟು ಯಾರ ನೀರಿನಲ್ಲಿ ತಪ್ಪು ಮಾಡಿದರೂ ಹಿಡಿದುಕೊಡಬೇಕು ಎಂದು ಒಪ್ಪಂದ ಆಗಬೇಕಂತೆ. ಸರಕಾರ ಲೈಟ್ ಫಿಶಿಂಗಿಗೆ ನಿಷೇಧ ಹಾಕಿ ವರ್ಷಗಳಾದವು. ಕತ್ತಲೆಯಲ್ಲಿ ದೊಡ್ಡ ದೀಪ ಉರಿಸಿದರೆ ಸಣ್ಣದು ದೊಡ್ಡದು ಎಲ್ಲ ಬೆಳಕಿಗೆ ಓಡಿ ಬರುತ್ತವೆ, ಒಟ್ಟಿಗೆ ಗುಡಿಸಿದರಾಯಿತು. ನಿಷೇಧ ಗೋಡೆಯ ಮೇಲೆ ಅಂಟಿಸಿದ್ದಾರೆ, ದೀಪ ಸಮುದ್ರದ ಮೇಲೆ ಉರಿಯುತ್ತಾ ಉಂಟು.

ಹೋದ ವರ್ಷ ಹಿಂದಿಯಲ್ಲಿ ಸಭೆ ಮಾಡಿ ಕೊನೆಗೆ ಕುರ್ಚಿ ಎತ್ತಿಕೊಂಡರಂತೆ. ಈ ಸಲ ಮಾತು ದಾಟಿಸಲು ಒಬ್ಬರು ಬೇಕೆಂದಾಗ ತಾರಾನಾಥಣ್ಣ ನನ್ನ ಹೆಸರು ಹೇಳಿದರು. ನಾನು ಏಳನೆಯ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟು ಚಿಕ್ಕಮ್ಮನ ಒಟ್ಟಿಗೆ ಗೋವಾಕ್ಕೆ ಹೋದವಳು. ಮದುವೆಯಾಗುವವರೆಗೆ ಅಲ್ಲಿ ಸಮುದ್ರದ ಬದಿಯ ಹೋಟೆಲಿನ ಅಡಿಗೆಮನೆಯಲ್ಲಿದ್ದೆ. ಅವರ ಕೊಂಕಣಿ ಗೊತ್ತು, ಇಲ್ಲಿಯ ತುಳು ಗೊತ್ತು, ಕನ್ನಡ ಇಷ್ಟು ಗೊತ್ತು. ಅದನ್ನು ಬಿಟ್ಟರೆ ನನಗೆ ಎಂತದ್ದೂ ಗೊತ್ತಿಲ್ಲ.

ಬಂದರಿನಲ್ಲಿ ನಾನು ಬೊಂಡಾಸ್, ಹೋಟೆಲಿನವರ ಸ್ಕ್ವಿಡ್, ಕ್ಲೀನ್ ಮಾಡುವ ಶೆಡ್ಡು ತಾರಾನಾಥಣ್ಣನದ್ದೇ. ನನ್ನ ತಮ್ಮ ಬ್ರ್ಯಾಂಡನ್ ಇರುವುದೂ ಅವರ ಬೋಟಿನಲ್ಲೇ. ಅವರು ಶೆಡ್ಡಿಗೆ ಬಂದು ಎಲ್ಲರ ಎದುರು ಕೇಳಿದರು. "ಜೆರ್ಟ್ರೂಡ್ ಬಾಯಿ, ನೀವೇ ಆಗಬೇಕು. ಫಾದರ್ ಹತ್ತಿರ ಕೇಳಬಹುದಿತ್ತು, ಆದರೆ ಅವರು ಸತ್ಯ ಹೇಳಿಬಿಟ್ಟರೆ ಕಷ್ಟ ಅಲ್ವಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಇಷ್ಟು ದೊಡ್ಡವರು ನಮ್ಮಂಥವರನ್ನು ನೆನಪಿಟ್ಟುಕೊಳ್ಳುವುದು ಅವರ ಒಳ್ಳೆಯತನ.

ಯಾವ ಸೀರೆ ಉಡುವುದು ಗೊತ್ತಾಗುತ್ತಿಲ್ಲ. ಮಧ್ಯದಲ್ಲಿ ಕೆಮ್ಮು ಬಂದರೆ? ಒಂದು ಶಬ್ದ ಮರೆತರೆ?

ಆಗಸ್ಟ್ ೨೦

ಎಸಿ ಹಾಲ್. ಕಾಲನ್ನು ಸೀರೆಯ ನೆರಿಗೆಯೊಳಗೆ ಮುಚ್ಚಿಕೊಂಡೆ.

ಸಭೆ ಕರೆದವರು ವಿಭಾ ಮೇಡಂ. ಮಣಿಪಾಲದಲ್ಲಿ ಮೀನಿನ ಬಗ್ಗೆ ಅಧ್ಯಯನ ಮಾಡುವವರು, ಶಿವಮೊಗ್ಗ ಕಡೆಯವರು, ತುಳುವೂ ಇಲ್ಲ ಕೊಂಕಣಿಯೂ ಇಲ್ಲ. ನನ್ನನ್ನು ಎರಡೂ ಪಕ್ಷದ ನಡುವೆ ಕೂರಿಸಿದರು.

ಗೋವಾದವರ ಮುಖಂಡ ಕಾಯ್ತಾನ್ ಬಾಬ್. ವಯಸ್ಸಾದವರು. ಹಗ್ಗ ಎಳೆದೂ ಎಳೆದೂ ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿದೆ. ಎದ್ದು ನಿಂತೇ ಮಾತಾಡಿದರು. "ಇವರ ಬೋಟುಗಳು ಕಳ್ಳರ ಹಾಗೆ ಕತ್ತಲೆಯಲ್ಲಿ ಬಂದು ದೀಪ ಉರಿಸುತ್ತವೆ. ನಮ್ಮ ದಡಕ್ಕೆ ಬರುವ ಮೀನನ್ನು ಮರಿ ಸಮೇತ ಗುಡಿಸಿಕೊಂಡು ಹೋಗುತ್ತವೆ. ಬೆಳಗ್ಗೆ ನಾವು ಬಲೆ ಎಳೆದರೆ ಬರುವುದು ಪ್ಲಾಸ್ಟಿಕ್ಕು. ಕಳ್ಳನನ್ನು ಹುಡುಕಲು ಸಮಿತಿ ಯಾಕೆ? ಇಲ್ಲೇ ಕೂತು ಚಾ ಕುಡಿಯುತ್ತಿದ್ದಾನೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ: "ರಾತ್ರಿ ದೀಪ ಹಾಕುವ ಬೋಟುಗಳಿಂದ ಅವರಿಗೆ ಬಹಳ ತೊಂದರೆಯಾಗಿದೆಯಂತೆ. ಕೂತು ಮಾತಾಡಿದರೆ ಒಳ್ಳೆಯದು ಅನ್ನುತ್ತಾರೆ."

ತಾರಾನಾಥಣ್ಣ ತುಳುವಿನಲ್ಲಿ, "ಸಮುದ್ರ ಇವನ ಅಪ್ಪನದ್ದಾ? ಮೀನಿನ ಬೆನ್ನಿನ ಮೇಲೆ ಗೋವಾ ಅಂತ ಬರೆದಿದೆಯಾ? ಊಟ ಹಾಕಿ ಕಳಿಸುವ, ಬಂದ ದಾರಿ ಹಿಡಿಯಲಿ" ಎಂದರು. ನಾನು ಕೊಂಕಣಿಯಲ್ಲಿ, "ಸಮುದ್ರ ಎಲ್ಲರಿಗೂ ಸೇರಿದ್ದು ಅನ್ನುತ್ತಾರೆ. ಊಟ ಮಾಡದೆ ಹೋಗಬಾರದಂತೆ" ಎಂದೆ.

ಕಾಯ್ತಾನ್ ಬಾಬ್ ಕೂತರು. ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಹೋಟೆಲಿನಲ್ಲಿ ಕುಕ್ಕಿನ ಮಾತನ್ನು ಧಣಿಗೂ ಧಣಿಯ ಮಾತನ್ನು ಕುಕ್ಕಿಗೂ ನಾನು ಹೀಗೆಯೇ ಮುಟ್ಟಿಸುತ್ತಿದ್ದೆ. ಇಲ್ಲದಿದ್ದರೆ ದಿನಾ ತಟ್ಟೆ ಒಡೆಯುತ್ತಿತ್ತು.

ಊಟಕ್ಕೆ ಮಾಂಜಿ ಮೀನಿನ ಫ್ರೈ. ಮಾಂಜಿ ಅಂದರೆ ಮಾಂಜಿಯಾ ಅದು? ಒಂದು ಅಂಗೈಯಲ್ಲಿ ಎರಡು ಹಿಡಿಸುವ ಮರಿಗಳು! ಮರಿಮೀನು ಉಳಿಸುವ ಸಭೆಗೆ ಮರಿಮೀನಿನ ಊಟ. ತಾರಾನಾಥಣ್ಣನ ಬಲಗೈ ವಾಸು ತಲೆ ಸಮೇತ ಅಗಿಯುತ್ತಾ, "ಮುಳ್ಳೇ ಇಲ್ಲ ಬಾಯಿ, ಬಿಸ್ಕತ್ತಿನ ಹಾಗೆ ಉಂಟು. ಹಾಕಿಕೊಳ್ಳಿ" ಎಂದ. ಕಾಯ್ತಾನ್ ಬಾಬ್ ಮೀನನ್ನು ತಟ್ಟೆಯ ಅಂಚಿಗೆ ಸರಿಸಿ ಅನ್ನ ಸಾರು ಉಂಡರು. ವಿಭಾ ಮೇಡಂ ಕೆಂಪಾಗಿ ಮ್ಯಾನೇಜರನ್ನು ಕರೆದು ಏನೋ ಕೇಳಿದರು. ತಾರಾನಾಥಣ್ಣ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ತಿಂದೆ.

ಆಮೇಲೆ ಬಾತ್‌ರೂಮಿಗೆ ಹೋಗಿ ಅಷ್ಟನ್ನೂ ಕಾರಿದೆ.

ಆಗಸ್ಟ್ ೨೪, ಭಾನುವಾರ

ನಿನ್ನೆ ಶೆಡ್ಡಿಗೆ ಬಂದ ಬೊಂಡಾಸಿನ ರಾಶಿಯಲ್ಲಿ ಹೆಬ್ಬೆಟ್ಟಿನಷ್ಟು ಮರಿಗಳೇ ಹೆಚ್ಚು. ಕ್ಲೀನ್ ಮಾಡಲು ಹಿಡಿದರೆ ಬೆರಳಿನ ನಡುವೆ ಕರಗಿ ಶಾಯಿ ಆಗುತ್ತವೆ. ಕ್ಲೀನ್ ಮಾಡಲಾಗದ್ದನ್ನು ಸಲಿಕೆಯಲ್ಲಿ ಎತ್ತಿ ಫಿಶ್‌ಮೀಲ್ ಲಾರಿಗೆ ಹಾಕುತ್ತಾರೆ. ಕೋಳಿಗೆ, ಸಾಕುವ ಸಿಗಡಿಗೆ ಹಿಟ್ಟು. ಸಮುದ್ರದಲ್ಲಿ ಬೆಳೆಯಬೇಕಾದದ್ದು ಲಾರಿಯಲ್ಲಿ ಕೊಳೆಯುತ್ತಾ ಹೋಗುತ್ತದೆ. ನಾನು ಕಾಪುವಿನ ಮನೆಗೆ ಬರುವ ಬಸ್ಸು ಅದರ ಹಿಂದೆಯೇ ಸಿಕ್ಕಿಕೊಂಡಿತು. ಲಾರಿಯಿಂದ ಬೂದು ನೀರು ರಸ್ತೆಗೆ ಸುರಿಯುತ್ತಿತ್ತು. ಬಸ್ಸಿನ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ನನ್ನ ಕಡೆ ನೋಡಿದರು, ವಾಸನೆ ನನ್ನದೇ ಎಂಬ ಹಾಗೆ. ನನ್ನದೂ ಇದ್ದಿರಬಹುದು. ಎಷ್ಟು ಸಾಬೂನು ಹಾಕಿದರೂ ಹೋಗುವುದಿಲ್ಲ.

ಮಧ್ಯಾಹ್ನ ಬ್ರ್ಯಾಂಡನ್ ಊಟಕ್ಕೆ ಬಂದ. ಕಣ್ಣು ಕೆಂಪು, ಕೆನ್ನೆಯ ಚರ್ಮ ಸುಲಿದಿದೆ.

"ಎಂತದಾ ಕಣ್ಣಿಗೆ?"

"ಉಪ್ಪುನೀರು."

"ಉಪ್ಪುನೀರಿಗೆ ಕೆನ್ನೆ ಸುಡುತ್ತದಾ?"

"ಅಕ್ಕಾ, ನೀನು ಸಭೆಯಲ್ಲಿ ಎಷ್ಟು ಚಂದ ಮಾತಾಡಿದೆಯಂತೆ. ಮನೆಯಲ್ಲೂ ಹಾಗೆಯೇ ಮಾತಾಡು."

ಅಮ್ಮ ಸತ್ತ ಮೇಲೆ ಅವನನ್ನು ಸಾಕಿದವಳು ನಾನು. ಅವನು ಸುಳ್ಳು ಹೇಳಿದರೆ ಕಿವಿ ಅಲ್ಲಾಡುತ್ತದೆ. ದೊಡ್ಡ ದೀಪ ಉರಿಸುವಂಥ ಹೊಸ ಜನರೇಟರ್ ಅವರ ಬೋಟಿಗೆ ಯಾಕೆ ಹಾಕಿದರು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ನಿದ್ರೆ ಹೋಗುತ್ತದೆ. ಕೇಳದೆ ಇದ್ದರೂ ಹೋಯಿತು.

ಸೆಪ್ಟೆಂಬರ್ ೮

ಮೊಂತಿ ಹಬ್ಬ. ಹೊಸ ಭತ್ತದ ಕದಿರು ಮನೆಗೆ ಬಂತು. ಇವತ್ತು ಮನೆಯಲ್ಲಿ ಮೀನು ಮಾಂಸ ಇಲ್ಲ. ವರ್ಷದಲ್ಲಿ ಒಂದು ದಿನವಾದರೂ ಕೈಗೆ ಮೀನಿನ ವಾಸನೆ ಇಲ್ಲದೆ ಉಣ್ಣಬಹುದು ಎಂದುಕೊಂಡಿದ್ದೆ. ಆದರೆ ತೊಂಡೆಕಾಯಿ ಹೆಚ್ಚುವಾಗಲೂ ಶುಕ್ರವಾರದ ಸಭೆಯೇ ತಲೆಯಲ್ಲಿ.

ಅವತ್ತು ಒಪ್ಪಂದ ಆಯಿತು. ಪೇಪರಿನಲ್ಲೂ ಬಂದಿದೆ, "ಎರಡು ರಾಜ್ಯಗಳ ಮೀನುಗಾರರ ಐತಿಹಾಸಿಕ ಕೈಜೋಡಣೆ" ಎಂದು. ಫೋಟೋದಲ್ಲಿ ನನ್ನ ಅರ್ಧ ಮುಖವೂ ಬಂದಿದೆ. ಓಸ್ವಾಲ್ಡ್ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ, "ಐತಿಹಾಸಿಕ ಕಿವಿ" ಎಂದು ಹೇಳುತ್ತಾ ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ನಡೆದದ್ದು ಬರೆದಿಡುತ್ತೇನೆ. ಎದೆಯೊಳಗೇ ಇಟ್ಟರೆ ಹೊಡೆದುಕೊಳ್ಳುತ್ತದೆ.

ಕಾಯ್ತಾನ್ ಬಾಬ್ ಕೇಳಿದ್ದು ಒಂದೇ. "ನಿಮ್ಮ ಬೋಟು ನಮ್ಮ ನೀರಿನಲ್ಲಿ ದೀಪ ಹಾಕಿ ಸಿಕ್ಕಿಬಿದ್ದರೆ ಮಾಲಕನ ಹೆಸರು ಕೊಡುತ್ತೀರಾ? ಹೌದು ಅಥವಾ ಇಲ್ಲ." ತಾರಾನಾಥಣ್ಣ ತುಳುವಿನಲ್ಲಿ, "ಹೌದು ಅಂತ ಹೇಳಿ ಬಾಯಿ. ಸಿಕ್ಕಿದಾಗ ನೋಡುವ, ಯಾರು ಕೊಡುತ್ತಾರೆ ಹೆಸರು" ಎಂದರು. ನಾನು "ಹೌದು" ಎಂದೆ. ಅಷ್ಟೇ ಹೇಳಿದೆ.

ಆಮೇಲೆ ತಾರಾನಾಥಣ್ಣ ಕೇಳಿದರು. "ಸಿಕ್ಕಿದ ಬೋಟನ್ನು ದಂಡ ಹಾಕಿ ಬಿಡುತ್ತಾರಾ ಕೇಳಿ." ಕಾಯ್ತಾನ್ ಬಾಬ್ ಅಂದರು: "ಬಿಡುವುದಾ? ಒಂದು ಹಗ್ಗದ ತುಂಡೂ ವಾಪಸು ಹೋಗುವುದಿಲ್ಲ. ಮಾಲಕ ಬಂದು ನಿಲ್ಲುವವರೆಗೆ ಒಬ್ಬನನ್ನೂ ಬಿಡುವುದಿಲ್ಲ." ನಾನು, "ಕಾನೂನು ಪ್ರಕಾರ ಮಾಡುತ್ತಾರಂತೆ, ದೊಡ್ಡದು ಮಾಡುವುದಿಲ್ಲ" ಎಂದುಬಿಟ್ಟೆ. ತಾರಾನಾಥಣ್ಣ ಎದ್ದು ಹೋಗಿ ಅವರ ಕೈ ಕುಲುಕಿದರು. ಇಬ್ಬರ ಮುಖದಲ್ಲೂ ನಗು.

ಅವರಿಬ್ಬರೂ ಬೇರೆ ಬೇರೆ ಒಪ್ಪಂದಕ್ಕೆ ಕೈಕೊಟ್ಟರೇನೋ ಎಂದು ನನಗೆ ಬಸ್ಸಿನಲ್ಲಿ ಹೊಳೆಯಿತು. ಕಟಪಾಡಿ ದಾಟಿ ಆಗಿತ್ತು. ವಾಪಸು ಹೋಗಿ ಹೇಳಲು ಆಗುತ್ತದಾ?

ಸೆಪ್ಟೆಂಬರ್ ೨೭

ಏನೂ ಆಗಿಲ್ಲ. ಆದರೂ ಪಾಯಸಕ್ಕೆ ಉಪ್ಪು ಹಾಕಿದೆ.

ಅಕ್ಟೋಬರ್ ೧೪

ಆಯಿತು.

ಬೆಳಗ್ಗೆ ಬ್ರ್ಯಾಂಡನ್ ಯಾರದೋ ಫೋನಿನಿಂದ ಮಾಡಿದ. ಗೋವಾದ ನೀರಿನಲ್ಲಿ ಇವರ ಬೋಟಿನ ಅಡಿಯ ಫ್ಯಾನಿಗೆ ಬಲೆ ಸುತ್ತಿ ಎಂಜಿನ್ ನಿಂತಿದೆ. ಗಾಳಿಗೆ ತೇಲಿ ದಡದ ಹತ್ತಿರ ಹೋಗಿದ್ದಾರೆ. ಬೆಳಗಾದಾಗ ಸುತ್ತ ಸಣ್ಣ ದೋಣಿಗಳು. ಬೋಟಿನ ತುಂಬ ದೀಪ, ಕೆಳಗೆ ಮರಿ ಬೊಂಡಾಸು. ಹಿಡಿದು ಜೆಟ್ಟಿಗೆ ಎಳೆದು ಅಧಿಕಾರಿಗಳಿಗೆ ಒಪ್ಪಿಸಿದ್ದಾರೆ. ಬೋಟಿನ ನಂಬರಿನ ಮೇಲೆ ಕಪ್ಪು ಬಣ್ಣ ಬಳಿದಿತ್ತಂತೆ, ಕಾಗದಪತ್ರ ಒಂದೂ ಇಲ್ಲ. ಮಾಲಕ ಯಾರೆಂದು ಗೊತ್ತಾಗುವವರೆಗೆ ಹುಡುಗರು ಬೋಟು ಬಿಟ್ಟು ಇಳಿಯುವಂತಿಲ್ಲ.

"ಹೇಳಿಬಿಡು ಮಾರಾಯ, ಯಾರ ಬೋಟೆಂದು!"

"ಬೋಟು ನಡೆಸುವ ತಾಂಡೇಲನೇ ಹೇಳಬೇಡಿ ಎಂದಿದ್ದಾನೆ. ಧಣಿಯ ಹೆಸರು ಹೇಳಿದವನನ್ನು ಆಮೇಲೆ ಯಾರೂ ಬೋಟಿಗೆ ಹತ್ತಿಸುವುದಿಲ್ಲ, ಗೊತ್ತುಂಟಲ್ಲ ನಿನಗೆ. ಧಣಿಗಳು ಬರುತ್ತಾರೆ. ಅವರಿಗೆ ಹೇಳು."

ಓಡಿ ಹೋಗಿ ತಾರಾನಾಥಣ್ಣನಿಗೆ ಹೇಳಿದೆ. ಅವರು ಶೆಡ್ಡಿನಲ್ಲಿ ಚಾ ಕುಡಿಯುತ್ತಿದ್ದರು. "ಯಾವ ಬೋಟು ಬಾಯಿ?" ಎಂದರು.

ಅಷ್ಟೇ. ಯಾವ ಬೋಟು ಬಾಯಿ. ವಾಸು ಪಕ್ಕದಲ್ಲಿ ನಿಂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

ಅಕ್ಟೋಬರ್ ೧೫

ಕಾಯ್ತಾನ್ ಬಾಬ್ ಫೋನ್ ಮಾಡಿದರು. "ಬಾಯೆ, ನಿಮ್ಮವರು ಹೌದು ಎಂದಿದ್ದರು. ಈಗ ಕೇಳಿದರೆ ಆ ಬೋಟು ಕೇರಳದವರದ್ದಿರಬೇಕು ಅನ್ನುತ್ತಾರೆ. ನಿನಗೆ ಗೊತ್ತುಂಟಾ ಯಾರದ್ದು?"

"ಗೊತ್ತಿಲ್ಲ ಬಾಬ್. ಕೇಳಿ ಹೇಳುತ್ತೇನೆ" ಎಂದೆ.

ಫೋನ್ ಇಟ್ಟ ಮೇಲೆ ಕೈ ತೊಳೆದೆ. ಮತ್ತೆ ತೊಳೆದೆ. ಓಸ್ವಾಲ್ಡ್ ಬಾಗಿಲಲ್ಲಿ ನಿಂತಿದ್ದರು. ತಮಾಷೆ ಮಾಡಲಿಲ್ಲ.

ಮಧ್ಯಾಹ್ನ ತಾರಾನಾಥಣ್ಣ ಮನೆಗೇ ಬಂದರು. ನಮ್ಮ ಮನೆಗೆ ಮೊದಲ ಸಲ. ಸೇಬು ತಂದಿದ್ದರು, ರೋಗಿಯನ್ನು ನೋಡಲು ಬಂದವರ ಹಾಗೆ. "ಅವ ಬಿಡುತ್ತೇನೆ ಎಂದಿದ್ದನಲ್ಲ ಬಾಯಿ, ದೊಡ್ಡದು ಮಾಡುವುದಿಲ್ಲ ಎಂದಿದ್ದನಲ್ಲ? ಗೋವಾದವರ ಮಾತೇ ಹೀಗೆ. ನೀವು ಯೋಚನೆ ಮಾಡಬೇಡಿ. ನನ್ನ ಹೆಸರು ಬಾರದಿದ್ದರೆ ವಕೀಲರನ್ನು ಇಟ್ಟು ಬ್ರ್ಯಾಂಡನ್‌ನನ್ನು ಬಿಡಿಸುವ. ಹೆಸರು ಬಂದರೆ ನನ್ನ ಕೈಯಲ್ಲಿ ಎಂತ ಉಂಟು ಹೇಳಿ."

"ಹುಡುಗರು ಬೋಟಿನಲ್ಲೇ ಮಲಗುತ್ತಿದ್ದಾರಂತೆ. ಕೊಳೆತ ಬೊಂಡಾಸಿನ ಮೇಲೆ" ಎಂದೆ.

"ಸಮುದ್ರದ ಹುಡುಗರಲ್ವಾ. ಅವರಿಗೆ ಅಭ್ಯಾಸ ಉಂಟು."

ಅವರು ಹೋದ ಮೇಲೆ ಸೇಬುಗಳನ್ನು ದನಕ್ಕೆ ಹಾಕಿದೆ. ಅವರು ಕೂತ ಕುರ್ಚಿಯನ್ನು ಫಿನಾಯಿಲ್ ಹಾಕಿ ಒರೆಸಿದೆ. ಯಾಕೆಂದು ಕೇಳಿದರೆ ನನಗೇ ಗೊತ್ತಿಲ್ಲ, ವಾಸನೆ ಬರುತ್ತಿತ್ತು.

ಅಕ್ಟೋಬರ್ ೧೬

ಓಸ್ವಾಲ್ಡ್ ಕಾರ್ಕಳಕ್ಕೆ ಕರೆದುಕೊಂಡು ಹೋದರು, ಅತ್ತೂರಿನ ಇಗರ್ಜಿಗೆ. ಮೊಂಬತ್ತಿ ಹಚ್ಚಿದೆ. ಸಂತ ಲಾರೆನ್ಸರ ಎದುರು ಮಂಡಿಯೂರಿ, ಬ್ರ್ಯಾಂಡನ್ ಬರಲಿ, ತಾರಾನಾಥಣ್ಣನಿಗೆ ಸಿಟ್ಟು ಬಾರದಿರಲಿ, ಶೆಡ್ಡಿನ ಕೆಲಸ ಹೋಗದಿರಲಿ, ಕಾಯ್ತಾನ್ ಬಾಬ್ ನನ್ನನ್ನು ಕೆಟ್ಟವಳೆಂದು ತಿಳಿಯದಿರಲಿ ಎಂದು ಕೇಳಿದೆ. ಕೇಳುತ್ತಾ ಕೇಳುತ್ತಾ ಇವಷ್ಟನ್ನೂ ಯಾವ ಸಂತನಿಗೂ ಒಟ್ಟಿಗೆ ಮಾಡಿಕೊಡಲು ಆಗುವುದಿಲ್ಲವಲ್ಲ ಎಂದು ಅನಿಸಿತು.

ಹೊರಗೆ ಬಂದಾಗ ಓಸ್ವಾಲ್ಡ್ ಮೆಟ್ಟಿಲ ಮೇಲೆ ಕೂತು, "ಎಂತ ಕೇಳಿದೆ?" ಎಂದರು.

"ಎಲ್ಲ."

"ಒಂದು ಕೇಳಬೇಕಿತ್ತು" ಎಂದರು.

ಅಕ್ಟೋಬರ್ ೧೮

ಇವತ್ತು ಉಡುಪಿಯಲ್ಲಿ ತುರ್ತು ಸಭೆ. ಇದನ್ನು ಸರಿಯಾಗಿ ಬರೆಯಬೇಕು. ಮತ್ತೆ ಯಾರಾದರೂ ಕೇಳಿದರೆ ತಪ್ಪು ಹೇಳಬಾರದು.

ಕಾಯ್ತಾನ್ ಬಾಬ್ ಕೂರಲಿಲ್ಲ, ಚಾ ಮುಟ್ಟಲಿಲ್ಲ. "ನಿಮ್ಮ ಮುಖಕ್ಕೆ ನಾಚಿಕೆ ಇಲ್ಲ. ಮಾಲಕನ ಹೆಸರು ಕೊಡುತ್ತೇವೆಂದು ಕೈಕೊಟ್ಟವರು ನೀವು. ಈಗ ಬೋಟೇ ನಮ್ಮದಲ್ಲ ಅನ್ನುತ್ತೀರಿ. ಹುಡುಗರನ್ನು ಕಸದ ಹಾಗೆ ನಮ್ಮ ದಡದಲ್ಲಿ ಬಿಸಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಸಭೆಗೆ ಬಂದಿದ್ದೀರಿ. ಥೂ" ಎಂದರು.

ನಾನು ಮೆತ್ತಗಿನ ಮಾತು ಹುಡುಕಿದೆ. ಮೂರು ದಿನದಿಂದ ನಿದ್ರೆ ಇಲ್ಲ. ಆ ಮಾತು ಸಿಗಲಿಲ್ಲ. ಅವರು ಹೇಳಿದ ಹಾಗೆಯೇ ಹೇಳಿದೆ, ವಿಭಾ ಮೇಡಂಗೂ ಗೊತ್ತಾಗಲಿ ಎಂದು ಕನ್ನಡದಲ್ಲಿ. ಇಸ್ತ್ರಿ ಅಂಗಿಯನ್ನೂ ಹೇಳಿದೆ. ಥೂ ಎಂದದ್ದನ್ನೂ ಹೇಳಿದೆ.

ತಾರಾನಾಥಣ್ಣ ನಗಲು ನೋಡಿದರು. "ಅವ ಅಷ್ಟೆಲ್ಲ ಹೇಳಿದನಾ ಬಾಯಿ? ನೀವು ಸೇರಿಸಿದ್ದಲ್ವಾ?"

"ಸೇರಿಸಲಿಲ್ಲ ತಾರಾನಾಥಣ್ಣ. ಹಿಂದಿನ ಎರಡು ಸಲ ಕಡಿಮೆ ಮಾಡಿದ್ದೆ" ಎಂದೆ.

ಆಮೇಲೆ ಉಳಿದದ್ದೂ ಬಾಯಿಂದ ಬಂತು. ಅವತ್ತು ಇವರು ಹೇಳಿದ್ದು ಎಂತ, ನಾನು ದಾಟಿಸಿದ್ದು ಎಂತ, ಎರಡೂ ಭಾಷೆಯಲ್ಲಿ ಹೇಳಿದೆ. ವಿಭಾ ಮೇಡಂ ಪೆನ್ನು ಕೆಳಗಿಟ್ಟರು. ಕಾಯ್ತಾನ್ ಬಾಬ್ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತಿದೆ. "ಬಾಯೆ, ನಿನ್ನ ಒಳ್ಳೆಯತನದಿಂದ ನಮ್ಮ ಕೆಲಸ ಕೆಟ್ಟಿತು" ಎಂದರು. ಅದನ್ನೂ ಕನ್ನಡದಲ್ಲಿ ಹೇಳಿದೆ. ಹೇಳಬೇಕಲ್ಲ.

ತಾರಾನಾಥಣ್ಣನಿಗೆ ಉರಿಯಿತು. "ಅವರ ಊರಿನ ದೊಡ್ಡವರ ಹತ್ತಿರ ದೀಪದ ಬೋಟು ಇಲ್ವಾ ಕೇಳಿ! ನಮ್ಮ ಬೋಟಿಗೆ ದೀಪ ಮಾರಿದವರು ಯಾರು ಕೇಳಿ!" ಕೇಳಿದೆ, ಅಷ್ಟೇ ಜೋರಾಗಿ. ಕಾಯ್ತಾನ್ ಬಾಬ್ ಕೆಂಪಾದರು. ಅವರ ಕಡೆಯ ಇಬ್ಬರು ನೆಲ ನೋಡಿದರು. ಕೊನೆಗೆ ಅವರು, "ಉಂಟು. ಅವರ ಹೆಸರನ್ನೂ ನಾವು ಕೊಡುತ್ತೇವೆ. ಅವರು ನನ್ನ ಭಾವನಾದರೂ ಸರಿ" ಎಂದರು. ಈ ಮಾತು ಹಿಂದಿನ ಎರಡು ಸಭೆಗಳಲ್ಲಿ ಬಂದಿರಲಿಲ್ಲ. ನಾನು ಬರಲು ಬಿಟ್ಟಿರಲಿಲ್ಲವೋ ಏನೋ. ಮತ್ತೆ "ನಮ್ಮ ಬೋಟಿಗೆ" ಎಂದು ತಾರಾನಾಥಣ್ಣನ ಬಾಯಿಂದಲೇ ಬಂದದ್ದನ್ನು ವಿಭಾ ಮೇಡಂ ಬರೆದುಕೊಂಡರು.

ಆಮೇಲೆ ತಾರಾನಾಥಣ್ಣ ಚಾ ಕುಡಿಯುತ್ತಾ ವಾಸುವಿನ ಕಡೆ ಬಾಗಿ ತುಳುವಿನಲ್ಲಿ ಮೆಲ್ಲಗೆ ಹೇಳಿದರು: "ತಮ್ಮ ಅಲ್ಲಿರುವಾಗ ಇವಳು ನನ್ನ ಹೆಸರು ಎತ್ತುವುದಿಲ್ಲ, ಹೆದರಬೇಡ. ಹುಡುಗರು ಅಲ್ಲೇ ಕೊಳೆಯಲಿ ಸ್ವಲ್ಪ ದಿನ. ಬೋಟು ಹಳೆಯದು, ಹೋದರೆ ಹೋಯಿತು. ಇನ್ನೊಂದು ನೀರಿಗಿಳಿಸುವ."

ನಾನು ಅವರಿಬ್ಬರ ಪಕ್ಕದಲ್ಲೇ ಇದ್ದೆ. ಕೊಂಕಣಿಯಲ್ಲಿ ಹೇಳಿದೆ. ಆಮೇಲೆ ಕನ್ನಡದಲ್ಲಿ. ಮೇಲಿನಿಂದ ಕೆಳಗಿನವರೆಗೆ, ಒಂದೂ ಬಿಡದೆ.

"ಬಾಯಿ! ಅದು ನಾನು ವಾಸುಗೆ ಹೇಳಿದ್ದು!"

"ಸಭೆಯಲ್ಲಿ ಹೇಳಿದ್ದಲ್ವಾ ತಾರಾನಾಥಣ್ಣ? ಸಭೆಯ ಮಾತು ದಾಟಿಸಲೆಂದೇ ಅಲ್ವಾ ನೀವು ನನ್ನನ್ನು ಕರೆದದ್ದು?"

ವಾಸು ಎದ್ದು, "ಇವಳ ನಾಲಗೆಯನ್ನು ಮೊದಲು ಕ್ಲೀನ್ ಮಾಡಬೇಕಿತ್ತು" ಎಂದ. ಅದನ್ನೂ ದಾಟಿಸಿದೆ. ಗೋವಾದವರೊಬ್ಬರು ನಕ್ಕೇಬಿಟ್ಟರು.

ಧೈರ್ಯ ಬಂತೆಂದಲ್ಲ. ಸುಸ್ತಾಗಿತ್ತು, ಅಷ್ಟೇ. ಒಬ್ಬೊಬ್ಬರ ಹೊಲಸಿಗೂ ಸಕ್ಕರೆ ಬೆರೆಸಲು ಶಕ್ತಿ ಇರಲಿಲ್ಲ. ಮನೆಗೆ ಬಂದು ಗಂಜಿ ಎರಡು ಬಟ್ಟಲು ಉಂಡೆ.

ಅಕ್ಟೋಬರ್ ೨೨

ಬ್ರ್ಯಾಂಡನ್ ಬಂದ. ಮಾಲಕ ಯಾರೆಂದು ಗೊತ್ತಾದ ಮೇಲೆ ಹೇಳಿಕೆ ಬರೆಸಿಕೊಂಡು ಹುಡುಗರನ್ನು ಬಿಟ್ಟರಂತೆ. ತಾಂಡೇಲನನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಬೋಟು ಅಲ್ಲೇ ಇದೆ. ಇವನ ಮೈಯಿಂದ ಬಂದ ವಾಸನೆಗೆ ನಾಯಿಯೂ ಹತ್ತಿರ ಬರಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಬಿಸಿನೀರು ಹೊಯ್ದೆ. ಅಂಗಿ ಚಡ್ಡಿ ಸುಟ್ಟೆ.

ಅವನು ಅಳುತ್ತಾನೆ ಎಂದುಕೊಂಡಿದ್ದೆ. ಬೈದ. "ನಿನಗೆ ಯಾರು ಹೇಳಿದ್ದು ಅಕ್ಕಾ? ಇನ್ನು ಯಾರು ನನ್ನನ್ನು ಬೋಟಿಗೆ ಹತ್ತಿಸುತ್ತಾರೆ? ಧಣಿ ಬಿಡಿಸುತ್ತಿದ್ದರು."

"ಬಿಡಿಸುತ್ತಿರಲಿಲ್ಲ. ಕೊಳೆಯಲಿ ಎಂದರು."

"ಸಿಟ್ಟಿಗೆ ಹೇಳಿದ್ದು."

"ಸಿಟ್ಟಿಗಲ್ಲ ಬ್ರ್ಯಾಂಡನ್. ಚಾ ಕುಡಿಯುತ್ತಾ ಹೇಳಿದ್ದು."

ಮೊದಲಾಗಿದ್ದರೆ ಇದನ್ನು ಅವನಿಗೆ ಹೇಳುತ್ತಿರಲಿಲ್ಲ. ಅವನು ಊಟ ಮಾಡದೆ ಮಲಗಿದ. ತಟ್ಟೆ ಮುಚ್ಚಿಟ್ಟು ಬಂದೆ.

ನವೆಂಬರ್ ೪

ಶೆಡ್ಡಿಗೆ ನನ್ನನ್ನು ಸೇರಿಸುವುದಿಲ್ಲ. ಬಂದರಿನಲ್ಲಿ ಮೀನು ಏಲಂ ಕೂಗುವವರೂ ನನಗೆ ಮೀನು ಕೊಡುವುದಿಲ್ಲ. ನಿಂತರೆ ಕಾಣದ ಹಾಗೆ ಮಾಡುತ್ತಾರೆ. ಈಗ ಕಾಪುವಿನಲ್ಲೇ ಲೈಟ್‌ಹೌಸಿನ ಈಚೆ ದಡದಲ್ಲಿ ಕೈರಂಪಣಿ ಬಲೆ ಎಳೆಯುವವರ ಹತ್ತಿರ ಕೊಂಡು, ಓಸ್ವಾಲ್ಡರ ರಿಕ್ಷಾದಲ್ಲಿ ಅಲೆವೂರಿಗೆ ಮಾರಲು ಹೋಗುತ್ತೇನೆ. ಮಾರುವವಳಿಗೆ ಮೀನು ಬರುವುದು ಸ್ವಲ್ಪ. ಆದರೆ ಮೀನಿನ ಹಾಗೆ ಇರುತ್ತದೆ, ಕಣ್ಣು, ಬಾಲ, ಎಲ್ಲ ಇರುವ ಮೀನು. ಇವತ್ತು ಬಲೆಯಲ್ಲಿ ಬಂಗುಡೆಯ ಮರಿಗಳು ಬಂದವು. "ಇವನ್ನು ಬಿಡಿ" ಎಂದೆ. ದಡದ ಗುಂಪಿನ ಧರ್ಮಪಾಲ, "ಬಾಯಿ, ಇಲ್ಲಿಯೂ ಕಾನೂನು ತಂದಿರಾ?" ಎಂದು ಗೊಣಗುತ್ತಾ ಬಕೆಟ್ಟನ್ನು ನೀರಿಗೆ ಸುರಿದರು. ಅರ್ಧಕ್ಕರ್ಧ ಸತ್ತಿದ್ದವು. ಉಳಿದವು ಹೋದವು.

ಬ್ರ್ಯಾಂಡನ್ ಮೂರು ದಿನದಿಂದ ಹಗ್ಗಕ್ಕೆ ಕೈ ಹಾಕುತ್ತಿದ್ದಾನೆ. ಇಲ್ಲಿ ಹಗ್ಗ ಎಳೆದವರಿಗೆಲ್ಲ ಪಾಲು. ನನ್ನ ಒಟ್ಟಿಗೆ ಮಾತು ಇನ್ನೂ ಕಡಿಮೆ. ಇವತ್ತು ಮಾತ್ರ ಒಂದು ದೊಡ್ಡ ಕಾಣೆ ಮೀನು ಬುಟ್ಟಿಗೆ ಬಿಸಾಡಿ, "ಇದು ಮನೆಗೆ" ಎಂದ.

ಐಸ್ ತರಲು ಹೋದಾಗ ಬಂದರಿನ ಗೇಟಿನಲ್ಲಿ ವಾಸು ಎದುರಾಗಿ, "ಏನು ಬಾಯಿ, ಗೋವಾದವರು ಪಿಂಚಣಿ ಕೊಡುತ್ತಾರಂತಲ್ಲ?" ಎಂದ.

"ಕೊಡುತ್ತಾರೆ ವಾಸು. ನಿನ್ನ ಹೆಸರು ಎಲ್ಲಿ ಬರೆಸಬೇಕೆಂದು ಕೇಳುತ್ತಿದ್ದಾರೆ" ಎಂದು ಹೇಳಿ ಬಂದೆ. ಹಾಗೆ ಹೇಳಬಾರದಿತ್ತೇನೋ. ಆದರೆ ಓಸ್ವಾಲ್ಡ್ ರಿಕ್ಷಾ ನಿಲ್ಲಿಸಿ ನಕ್ಕರು.

ನವೆಂಬರ್ ೧೧

ಹೊಸ ಒಪ್ಪಂದ ತಯಾರಾಗುತ್ತಿದೆ. ಈ ಸಲ ಗೋವಾ, ನಾವು, ಕೇರಳದವರೂ. ತಾರಾನಾಥಣ್ಣ ಸಮಿತಿಯಲ್ಲಿ ಇಲ್ಲ. ಅವರ ಭಾವಮೈದ ಇದ್ದಾರೆ, ಹೊಸ ಇಸ್ತ್ರಿ ಅಂಗಿ. ನೋಡಿದರೆ ವಾಕರಿಕೆ ಬರುತ್ತದೆ. ಆದರೂ ಹೋಗುತ್ತೇನೆ. ಹೋಗುವ ಮೊದಲು ವಿಭಾ ಮೇಡಂಗೆ ಒಂದು ಷರತ್ತು ಹಾಕಿದ್ದೇನೆ. ಎಲ್ಲರೂ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ, ಬೇಡವಾದರೆ ಬೇರೆಯವರನ್ನು ಕರೆಯಿರಿ. ಅವರು ನಕ್ಕು, "ಅದಕ್ಕೇ ನಿಮ್ಮನ್ನು ಕರೆಯುವುದು" ಎಂದರು.

ಇವತ್ತು ಅವರು ಕರಡನ್ನು ಫೋನಿನಲ್ಲಿ ಒಂದೊಂದೇ ವಾಕ್ಯ ಓದಿ ಹೇಳಿದರು. ಆಗ ಸರಿ ಸರಿ ಎಂದೆ. ಮೀನು ತೊಳೆಯುವಾಗ ಒಂದು ವಾಕ್ಯ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಕೂಡಲೇ ಕೈ ಒರೆಸಿ ವಾಯ್ಸ್ ಮೆಸೇಜ್ ಕಳಿಸಿದೆ. ಹೇಳಿದ್ದರಲ್ಲಿ ತಪ್ಪಿದೆಯೋ ಎಂದು ನೋಡಲು ಇಲ್ಲಿಯೂ ಬರೆದಿಡುತ್ತೇನೆ:

"ಮೇಡಂ, ಜೆರ್ಟ್ರೂಡ್ ಮಾತಾಡುವುದು. ನೀವು ಓದಿದ್ದರಲ್ಲಿ ದೀಪದ ಬೋಟು ಸಿಕ್ಕಿದರೆ 'ಬೋಟನ್ನೂ ಬೋಟಿನಲ್ಲಿದ್ದವರನ್ನೂ ಒಪ್ಪಿಸುವುದು' ಎಂದು ಇತ್ತಲ್ವಾ? ಮಾಲಕರು ಬೋಟಿನಲ್ಲಿ ಇರುವುದಿಲ್ಲ ಮೇಡಂ, ಮನೆಯಲ್ಲಿ ಇರುತ್ತಾರೆ. ಬೋಟಿನಲ್ಲಿ ಇರುವುದು ನಮ್ಮ ಹುಡುಗರು. ಅಲ್ಲಿ ಮಾಲಕ ಎಂಬ ಶಬ್ದ ಉಂಟಾ, ಇಲ್ವಾ? ನನಗೆ ಕೇಳಿದ್ದು ತಪ್ಪಿರಲೂಬಹುದು. ಸಹಿ ಹಾಕಿಸುವ ಮೊದಲು ಅದೊಂದನ್ನು ಇನ್ನೊಮ್ಮೆ ನೋಡಿ."